ಅತ್ತೆಯ ಹಂಪು, ನನ್ನ ಸ್ಪ್ರಿಂಗು

ಕಾರನ್ನು ಒಂದಿಷ್ಟು ತಗ್ಗಿಸಬೇಕು ಎಂದು ನಾನು ಬಾಯಿ ಬಿಟ್ಟಾಗ ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಈ ವಯಸ್ಸಲ್ಲಿ ನಿಂಗೆ ರೇಸ್ ಹೋಗೋ ಆಸೆ ಬಂತಾ?’ ಎಂದ. ಅವನ ಲೆಕ್ಕದಲ್ಲಿ ಕಾರು ತಗ್ಗಿಸುವವರು ಎಂದರೆ ಭಾನುವಾರ ಬೆಳಿಗ್ಗೆ ವೈಟ್‌ಫೀಲ್ಡ್ ಮುಖ್ಯರಸ್ತೆಯಲ್ಲಿ ಸೈಲೆನ್ಸರ್ ಅರಚಿಸಿಕೊಂಡು ಹೋಗುವ, ಗಾಡಿಯ ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು ಸಿಗ್ನಲ್ಲಿನಲ್ಲಿ ನಿಲ್ಲುವ ಹುಡುಗರು. ಅವರ ಬಗ್ಗೆ ನನಗೂ ಅಂಥ ಗೌರವವೇನಿಲ್ಲ. ಆದರೆ ಅವನು ನಕ್ಕದ್ದಕ್ಕೆ ಮೈಯುರಿಯಿತು. ನಾನು ಕಾರು ತಗ್ಗಿಸಲು ಹೊರಟಿದ್ದು ನನ್ನ ಶೋಕಿಗಲ್ಲ, ಅವನ ತಾಯಿಗಾಗಿ. ಅದು ಅವನಿಗೇ ಹೊಳೆಯಬೇಕಿತ್ತು.

ನಮ್ಮದು ಪಟ್ಟಂದೂರು ಅಗ್ರಹಾರ. ಐಟಿ ಪಾರ್ಕಿನ ಗಾಜಿನ ಕಟ್ಟಡಗಳ ಬೆನ್ನಿಗಿರುವ ಓಣಿ. ನನ್ನ ಅತ್ತೆ ಮದುವೆಯಾಗಿ ಬಂದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಬಾಡಿಗೆ ಬೆಳೆಯುತ್ತದೆ. ಮೇಲಿನ ಮಹಡಿಗಳಲ್ಲಿ ಕಂಪ್ಯೂಟರ್ ಹುಡುಗರು, ಹಿಂದಿನ ಸಾಲುಕೋಣೆಗಳಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಸಂಸಾರಗಳು, ಕೆಳಗೆ ನಾವು. ನಾನು ಪೀಣ್ಯದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಿನವೂ ನೇರಳೆ ಮೆಟ್ರೊ ಇಳಿದು ಹಸಿರು ಮೆಟ್ರೊ ಹತ್ತಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ತಮ್ಮ ಮಾಲೇ ಶ್ರೇಷ್ಠ ಎಂದು ಹೇಳುವವರ ಮಾತು ಕೇಳಿ ನಂಬದೆ ಇರುವುದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ.

ನಮ್ಮ ಓಣಿಯ ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಡಬೇಕು. ಇಲ್ಲಿ ಯಾರಾದರೂ ಮನೆಯ ಮೇಲೆ ಮಹಡಿ ಎಬ್ಬಿಸಿ ಮೋಲ್ಡ್ ಹಾಕಿದ ದಿನ, ಮಿಕ್ಸರಿನಲ್ಲಿ ಉಳಿದ ಕಾಂಕ್ರೀಟನ್ನು ಎಸೆಯುವುದಿಲ್ಲ. ಅದನ್ನು ತಂದು ತಮ್ಮ ಗೇಟಿನ ಮುಂದೆ ರಸ್ತೆಗೆ ಅಡ್ಡವಾಗಿ ಸುರಿದು, ಕರಣೆಯಿಂದ ಬೆನ್ನು ಸವರಿ, ಹಂಪು ಮಾಡುತ್ತಾರೆ. ಯಾರ ಅಪ್ಪಣೆಯೂ ಬೇಡ. ರಸ್ತೆ ಯಾರದು ಎಂದು ಕೇಳುವವರೂ ಇಲ್ಲ. ನೀರಿನ ಟ್ಯಾಂಕರು, ಊಟ ತರುವ ಬೈಕು ನಮ್ಮ ಮನೆಯ ಮುಂದೆ ಬಗ್ಗಿ ಹೋಗಬೇಕು, ಅಷ್ಟೆ. ಯಾರ ಮನೆ ಎತ್ತರವೋ ಅವರ ಹಂಪೂ ಎತ್ತರ. ಓಣಿಯ ತುದಿಯಲ್ಲಿರುವ ನಮ್ಮ ಮನೆಯ ಹಂಪು ಎಲ್ಲರದಕ್ಕಿಂತ ದೊಡ್ಡದು. ಮಿಕ್ಕವರ ಹಂಪುಗಳನ್ನು ಟ್ಯಾಂಕರುಗಳು ತುಳಿದು ತುಳಿದು ಚಪ್ಪಟೆ ಮಾಡಿದ್ದವು. ನಮ್ಮದಕ್ಕೆ ಅತ್ತೆ ಕಬ್ಬಿಣದ ತುಂಡುಗಳನ್ನು ಸೇರಿಸಿ ಹಾಕಿಸಿದ್ದರಿಂದ ಅದು ಕದಲಲೇ ಇಲ್ಲ. ಅದಕ್ಕೆ ನೀರು ಹಾಯಿಸಿ ಗಟ್ಟಿ ಮಾಡಿದವರೂ ಅವರೇ, ದಿನಾ ಕೊಡ ಹೊತ್ತು. ಮನೆಯಿಂದ ಆಚೆಗೆ ಗಾಡಿ ತೆಗೆಯಬೇಕಾದರೆ ಅದನ್ನು ಹತ್ತಿ ಇಳಿಯದೆ ಬೇರೆ ದಾರಿಯಿಲ್ಲ.

ಆ ಹಂಪಿಗೆ ಹೆದರಿ ನನ್ನ ಗಂಡ ಎತ್ತರದ ಕಾರು ಕೊಂಡ. ಸಾಲದ್ದಕ್ಕೆ ರಬ್ಬರ್ ಹಾಕಿಸಿದ. ನಮ್ಮ ಕಡೆ ಹೊಸ ಗಾಡಿ ಬಂದರೆ ಪೂಜೆ ಮಾಡಿಸಿ ನಿಂಬೆಹಣ್ಣು ಹತ್ತಿಸಿದ ಮೇಲೆ ಮಾಡುವ ಮೊದಲ ಕೆಲಸವೇ ಇದು: ಸ್ಪ್ರಿಂಗಿನ ಸುರುಳಿಗಳ ನಡುವೆ ದಪ್ಪ ರಬ್ಬರಿನ ಬಳೆ ತುರುಕಿ ಗಾಡಿಯನ್ನು ಇನ್ನಷ್ಟು ಮೇಲಕ್ಕೆತ್ತುವುದು. ಸ್ಪ್ರಿಂಗಿನ ಕೆಲಸ ಕುಗ್ಗುವುದು. ಕುಗ್ಗದ ಹಾಗೆ ಅದರ ಬಾಯಿಗೆ ರಬ್ಬರ್ ತುಂಬಿ, ಆಮೇಲೆ ಗಾಡಿ ಯಾಕೋ ಎತ್ತಿ ಕುಕ್ಕುತ್ತದೆ ಎಂದು ಕಂಪನಿಯನ್ನು ಬೈಯುತ್ತಾರೆ. ಗಂಡನಿಗೆ ಇದನ್ನು ಹೇಳಿದೆ. ‘ಎಲ್ರೂ ಹಾಕಿಸ್ತಾರೆ ಕಣೇ’ ಎಂದ. ಎಲ್ಲರೂ ಮಾಡುತ್ತಾರೆ ಎಂಬುದು ಅವನ ಬಾಯಲ್ಲಿ ಕೊನೆಯ ತೀರ್ಪು.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ವೈದ್ಯರು ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: ತೀರಾ ತಗ್ಗಿನ ಜಾಗದಲ್ಲಿ ಕೂರಬಾರದು, ಎತ್ತರಕ್ಕೆ ಕಾಲು ಚಾಚಿ ಹತ್ತಬಾರದು, ಕುಲುಕಾಟ ಬೇಡ, ಯಾರೂ ಕೈ ಹಿಡಿದು ಜಗ್ಗಬಾರದು. ಎಲ್ಲವನ್ನೂ ಕೇಳಿಸಿಕೊಂಡು ಹೊರಗೆ ಬಂದರೆ ಬಾಗಿಲಲ್ಲಿ ನಮ್ಮ ಗಾಡಿ ಅಟ್ಟದ ಹಾಗೆ ನಿಂತಿತ್ತು. ಅವತ್ತು ಆಸ್ಪತ್ರೆಯವರು ಅತ್ತೆಯನ್ನು ಹೇಗೋ ಒಳಗೆ ಹತ್ತಿಸಿದರು. ಮನೆಯ ಮುಂದೆ ಇಳಿಸುವಾಗ ನನ್ನ ಗಂಡ ಕಂಕುಳಿಗೆ ಕೈ ಹಾಕಿದ, ಹಿಂದಿನ ಕೋಣೆಯ ಇಬ್ಬರು ಬಾಡಿಗೆದಾರರು ಓಡಿ ಬಂದು ಕಾಲು ಹಿಡಿದರು. ಇಡೀ ಓಣಿ ಗೇಟಿಗೆ ಬಂದು ನೋಡಿತು. ಮೇಲಿನ ಮಹಡಿಯ ಹುಡುಗನೊಬ್ಬ ಫೋನನ್ನು ಎತ್ತಿ ಹಿಡಿದಿದ್ದನ್ನು ನಾನೇ ಕಂಡೆ. ಬಾಡಿಗೆ ತಡವಾದರೆ ಇದೇ ಗೇಟಿನಲ್ಲಿ ನಿಂತು ಅವರೆಲ್ಲರ ಕಿವಿ ಹಿಂಡುತ್ತಿದ್ದ ಹೆಂಗಸು ನನ್ನ ಅತ್ತೆ. ಕೆಳಗಿಳಿದ ಮೇಲೆ ಸೆರಗು ಸರಿಮಾಡಿಕೊಂಡು ಒಂದೇ ಮಾತು ಹೇಳಿದರು.

‘ರಾಗಿ ಮೂಟೆ ಎತ್ದಂಗೆ ಎತ್ಬುಟ್ರಲ್ಲ. ಇನ್ ನಾನು ಈ ಗಾಡಿ ಅತ್ತಕ್ಕಿಲ್ಲ.’

ಹೇಳಿದ ಹಾಗೆಯೇ ನಡೆದುಕೊಂಡರು. ಮನೆಯೊಳಗೆ ಕೋಲು ಹಿಡಿದು ಚೆನ್ನಾಗಿ ಓಡಾಡತೊಡಗಿದರು, ಗೇಟಿನ ತನಕ ಬರತೊಡಗಿದರು, ನನ್ನ ಸಾರಿಗೆ ಮೊದಲಿನಂತೆ ಹುಳುಕು ಹುಡುಕತೊಡಗಿದರು. ಗಾಡಿ ಮಾತ್ರ ಹತ್ತಲಿಲ್ಲ. ಅದು ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆದರೆ ವರ್ತೂರಿನಲ್ಲಿದ್ದ ಅವರ ತಂಗಿಗೆ ಪಾರ್ಶ್ವವಾಯು ಬಡಿಯಿತು. ಇವರಿಬ್ಬರೂ ವಾರಕ್ಕೊಮ್ಮೆ ಕೂತು ಚೌಕಾಬಾರ ಆಡುತ್ತಿದ್ದವರು. ಆಡುತ್ತಿದ್ದರು ಎನ್ನುವುದಕ್ಕಿಂತ ಕವಡೆ ಎಸೆದು ಜಗಳವಾಡುತ್ತಿದ್ದರು. ತಂಗಿಯ ಬಲಗೈ ಬಿತ್ತು, ಮಾತು ತೊದಲಿತು. ಫೋನು ಕಿವಿಗಿಟ್ಟರೆ ಅತ್ತೆಗೆ ಆ ಕಡೆಯ ಉಸಿರು ಮಾತ್ರ ಕೇಳುತ್ತಿತ್ತು. ‘ಏನಂದೆ? ಇನ್ನೊಂದ್ಸಲ ಏಳು’ ಎಂದು ಕೂಗುತ್ತಿದ್ದರು. ಆಮೇಲೆ ಫೋನು ಕೆಳಗಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಹಗಲು ಮಲಗಿದ್ದನ್ನು ನಾನು ನೋಡಿರಲಿಲ್ಲ. ನನಗೆ ಭಯವಾಯಿತು. ತಂಗಿಗೆ ಏನಾದರೂ ಆಗುವ ಮುಂಚೆ ಇವರು ಒಮ್ಮೆ ಅಲ್ಲಿಗೆ ಹೋಗಲೇಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಬಾಡಿಗೆ ಕಾರು ತರಿಸಿ ನೋಡಿದೆವು. ಅದರ ಸೀಟು ಎಷ್ಟು ತಗ್ಗೆಂದರೆ ಹಳೇ ಸೋಫಾದಲ್ಲಿ ಹೂತುಹೋದ ಹಾಗೆ. ವೈದ್ಯರು ಬೇಡವೆಂದದ್ದು ಅದನ್ನೇ. ಆಟೊ ಮಾತೇ ಬೇಡ. ನಮ್ಮ ಕಾರಿಗೆ ಪ್ಲಾಸ್ಟಿಕ್ ಸ್ಟೂಲು ಇಟ್ಟೆವು. ಸ್ಟೂಲು ಅಲುಗಿತು, ಅತ್ತೆ ಅದನ್ನು ಕೋಲಿನಿಂದ ತಳ್ಳಿ ಒಳಗೆ ಹೋದರು. ‘ಅಮ್ಮಂಗೆ ಹಟ, ಏನ್ ಮಾಡಕ್ಕಾಗುತ್ತೆ’ ಎಂದು ಗಂಡ ಕೈ ಚೆಲ್ಲಿದ. ಕೈ ಚೆಲ್ಲುವುದರಲ್ಲಿ ಅವನನ್ನು ಮೀರಿಸುವವರು ಈ ಹೋಬಳಿಯಲ್ಲೇ ಇಲ್ಲ.

ನಾನು ಒಂದು ಹುರಿ ತೆಗೆದುಕೊಂಡೆ. ನಡುಮನೆಯಲ್ಲಿ ಅತ್ತೆ ಯಾರ ಹಂಗೂ ಇಲ್ಲದೆ ಕೂತು ಏಳುವ ಮರದ ಕುರ್ಚಿಯೊಂದಿದೆ. ಅದರ ಎತ್ತರಕ್ಕೆ ಹುರಿಯಲ್ಲಿ ಒಂದು ಗಂಟು ಹಾಕಿದೆ. ಅದೇ ಹುರಿಯನ್ನು ಕಾರಿನ ಸೀಟಿಗೆ ಹಿಡಿದೆ. ಗಂಟು ಸೀಟಿನ ಕೆಳಗೇ ಉಳಿಯಿತು. ರಬ್ಬರ್ ಕಿತ್ತರೆ ಅಂತರ ಅರ್ಧ ಕಡಿಮೆಯಾಗುತ್ತಿತ್ತು. ಇನ್ನರ್ಧಕ್ಕೆ ಗಾಡಿ ಒಂದು ಇಂಚಿನಷ್ಟು ತಗ್ಗಬೇಕಿತ್ತು. ಅದಕ್ಕಿಂತ ಜಾಸ್ತಿ ತಗ್ಗಿದರೆ ಅವರಿಗೆ ಏಳಲಾಗುವುದಿಲ್ಲ. ತಗ್ಗಿಸುವ ಭರದಲ್ಲಿ ಗಾಡಿ ಗಡುಸಾದರೆ ಸೊಂಟ ತಡೆಯುವುದಿಲ್ಲ. ನನಗೆ ಬೇಕಾಗಿದ್ದು ಇಷ್ಟೇ, ಒಂದಿಂಚು ತಗ್ಗಿದ, ಆದರೂ ಮೆತ್ತಗೆ ಹೋಗುವ ಗಾಡಿ.

ಇಷ್ಟನ್ನು ಕೇಳಿದ್ದಕ್ಕೆ ಲೋಕದವರೆಲ್ಲ ಪಂಡಿತರಾಗಿಬಿಟ್ಟರು. ಮೇಲಿನ ಮಹಡಿಯ ಕಂಪ್ಯೂಟರ್ ಹುಡುಗ, ಅವತ್ತು ಫೋನು ಹಿಡಿದಿದ್ದವನೇ, ‘ಆಂಟಿ, ಸ್ಪ್ರಿಂಗಲ್ಲಿ ಒಂದು ಸುತ್ತು ಕಟ್ ಮಾಡ್ಸಿಬಿಡಿ, ಸಿಂಪಲ್’ ಎಂದ. ಕತ್ತರಿಸಿದರೆ ಗಾಡಿ ತಗ್ಗುವುದೇನೋ ನಿಜ. ಸ್ಪ್ರಿಂಗು ಗಿಡ್ಡವಾದಷ್ಟೂ ಗಡುಸಾಗುತ್ತದೆ, ಕತ್ತರಿಸಿದ ತುದಿ ತನ್ನ ಬಟ್ಟಲಲ್ಲಿ ನೆಟ್ಟಗೆ ಕೂರುವುದಿಲ್ಲ, ಗುಂಡಿಗೆ ಬಿದ್ದಾಗ ಅಲ್ಲೇ ತಿರುಚಿಕೊಳ್ಳುತ್ತದೆ. ಅವನಿಗೆ ಅದನ್ನು ವಿವರಿಸಿದರೆ ‘ಯೂಟ್ಯೂಬಲ್ಲಿ ಮಾಡ್ತಾರೆ’ ಎಂದ. ಪೀಣ್ಯದಲ್ಲಿ ನಮ್ಮ ಕಾರ್ಖಾನೆಗೆ ಮಾಲು ಕೊಡುವ ಸ್ಪ್ರಿಂಗಿನವನೊಬ್ಬನಿದ್ದಾನೆ. ತನ್ನ ಅಂಗಡಿಗೆ ದೇಶದಲ್ಲೇ ಸಾಟಿಯಿಲ್ಲ ಎಂದು ಹೇಳಿಕೊಳ್ಳುತ್ತಾನೆ. ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ.

‘ಬಿಚ್ಚೋದೇ ಬೇಡ ಮೇಡಂ. ಗ್ಯಾಸ್ ಕಟರ್ ಇಟ್ಟು ಕೆಂಪಗೆ ಕಾಯ್ಸಿದ್ರೆ ತಾನೇ ಕೂತ್ಕೊಳುತ್ತೆ.’

‘ಕಾಯಿಸಿದರೆ ಉಕ್ಕಿನ ಹದ ಹೋಗಲ್ವಾ?’

‘ಹೋಗುತ್ತೆ ಮೇಡಂ. ಆದ್ರೆ ಕೂತ್ಕೊಳುತ್ತಲ್ಲ, ನಿಮಗೆ ಬೇಕಿದ್ದು ಅದೇ ಅಲ್ವಾ?’

ಇಂಥವನ ಸ್ಪ್ರಿಂಗುಗಳನ್ನು ನಾನು ವರ್ಷಗಳಿಂದ ಕೊಳ್ಳುತ್ತಿದ್ದೇನೆ ಎಂದು ನೆನೆದು ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಮಾರನೆಯ ದಿನವೇ ಅವನ ಮಾಲನ್ನು ಮತ್ತೊಮ್ಮೆ ತಪಾಸಣೆಗೆ ಕಳಿಸಿದೆ.

ಆಮೇಲೆ ವೈಟ್‌ಫೀಲ್ಡಿನ ಒಂದು ದೊಡ್ಡ ಅಂಗಡಿಗೆ ಹೋದೆ. ಗೋಡೆಗಳಿಗೆಲ್ಲ ಕಪ್ಪು ಬಣ್ಣ, ಎದೆ ನಡುಗಿಸುವ ಹಾಡು, ಗಾಜಿನ ಪೆಟ್ಟಿಗೆಯಲ್ಲಿ ಒಡವೆಯ ಹಾಗೆ ದೀಪ ಹಾಕಿಟ್ಟ ಸ್ಪ್ರಿಂಗುಗಳು. ಗಡ್ಡವನ್ನು ಗೆರೆ ಎಳೆದಂತೆ ಕತ್ತರಿಸಿಕೊಂಡ ಮಾಲೀಕ ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿದ.

‘ಸಾರ್ ಬಂದಿಲ್ವಾ ಮೇಡಂ?’

‘ಇಲ್ಲ. ಸಾರ್ ಮನೆಯಲ್ಲಿ ನಗ್ತಾ ಇದ್ದಾರೆ.’

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೂ ಹಲ್ಲು ಕಿರಿಯುವುದು ಆ ಕಸುಬಿನವರ ಅಭ್ಯಾಸ. ತಿರುಪು ತಿರುಗಿಸಿ ಎತ್ತರ ಬದಲಿಸುವ ದುಬಾರಿ ಸ್ಪ್ರಿಂಗು ತೋರಿಸಿದ. ಎಷ್ಟು ಬೇಕಾದರೂ ಇಳಿಸಬಹುದಂತೆ. ನನಗೆ ಎಷ್ಟು ಬೇಕಾದರೂ ಬೇಡ, ಒಂದು ಇಂಚು ಸಾಕು ಎಂದೆ. ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತಾಗ ಹೇಗಿರುತ್ತದೆ, ಗಾಡಿ ತುಂಬಿದಾಗ ಹೇಗಿರುತ್ತದೆ, ಇದರ ಜೊತೆಗೆ ಹಾಕುವ ಶಾಕ್ ಅಬ್ಸಾರ್ಬರ್ ಇದಕ್ಕೆಂದೇ ಮಾಡಿದ್ದೋ ಅಥವಾ ಹಳೆಯದೇ ಉಳಿಯುತ್ತದೋ ಎಂದು ಕೇಳಿದೆ. ಅವನು ಫೋನು ತೆಗೆದು ಒಂದು ಕೆಂಪು ಕಾರಿನ ಫೋಟೊ ತೋರಿಸಿ, ‘ಲುಕ್ ನೋಡಿ ಮೇಡಂ, ಸಕ್ಕತ್ತಾಗಿದೆ’ ಎಂದ. ಜೊತೆಗೆ ಚಕ್ರ ದೊಡ್ಡದು ಮಾಡಿ ತೆಳ್ಳನೆಯ ಟೈರು ಹಾಕಿಸಿ ಎಂದೂ ಸಲಹೆ ಕೊಟ್ಟ. ಟೈರಿನ ದಪ್ಪ ಗೋಡೆಯೇ ಮೊದಲ ಮೆತ್ತೆ. ಅದನ್ನು ತೆಗೆದುಹಾಕಿ ಸುಖಕ್ಕಾಗಿ ಸ್ಪ್ರಿಂಗು ಹುಡುಕುವುದು ಹಾಸಿಗೆ ಮಾರಿ ದಿಂಬು ಕೊಂಡ ಹಾಗೆ.

ನಮ್ಮ ವಿಭಾಗದಲ್ಲಿ ಒಂದು ನಿಯಮವಿದೆ: ಮಾರುವವನು ತೋರಿಸುವ ಪರೀಕ್ಷೆಯನ್ನು ನೋಡಿ ನಗಬೇಕು, ನಮ್ಮ ಪರೀಕ್ಷೆಯನ್ನು ನಾವೇ ಮಾಡಬೇಕು. ಮನೆಯಿಂದ ಒಂದು ಹಿತ್ತಾಳೆ ಚೊಂಬಿನ ತುಂಬ ಮಜ್ಜಿಗೆ ಒಯ್ದಿದ್ದೆ. ‘ನಿಮ್ಮ ಸ್ಪ್ರಿಂಗು ಹಾಕಿದ ಗಾಡಿ ಇದ್ದರೆ ನನ್ನನ್ನು ಹಿಂದೆ ಕೂರಿಸಿ ಒಂದು ಸುತ್ತು ಹೊಡೆಸಿ’ ಎಂದೆ. ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಮುಖ್ಯರಸ್ತೆ ಸೇರುವ ಮೊದಲೇ ಅರ್ಧ ಮಜ್ಜಿಗೆ ನನ್ನ ಸೀರೆಯ ಮೇಲಿತ್ತು, ಕಾಲುಭಾಗ ಅವನ ಕರಿ ಚರ್ಮದ ಸೀಟಿನ ಮೇಲೆ. ಅವನು ಹಾಡು ನಿಲ್ಲಿಸಿದ. ಒಗ್ಗರಣೆಯ ಸಾಸಿವೆ, ಕರಿಬೇವು ಸೀಟಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದನ್ನು ನಾನು ಒಂದೊಂದಾಗಿ ಆರಿಸಿಕೊಟ್ಟೆ. ಆಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಬೆಳ್ಳಂದೂರಿನಲ್ಲಿ ಇನ್ನೊಬ್ಬ ಸಿಕ್ಕ. ಅವನು ಗಾಡಿಯೊಳಗೆ ಮಜ್ಜಿಗೆ ತರಬೇಡಿ ಎಂದ. ಹಾಗಾದರೆ ನಿನ್ನ ಸ್ಪ್ರಿಂಗೂ ಬೇಡ ಎಂದು ಎದ್ದು ಬಂದೆ.

ಕೊನೆಗೆ ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಶೆಡ್ಡುಗಳ ನಡುವೆ ಒಂದು ಅಂಗಡಿಯವನು ಒಪ್ಪಿದ. ಅವನೇನು ಸಾಧುವಲ್ಲ; ಅವನೂ ಮೊದಲು ಕೇಳಿದ್ದು ಸಾರ್ ಎಲ್ಲಿ ಅಂತಲೇ. ಆದರೆ ಸುಮ್ಮನೆ ಬೀಗದ ಕೈ ತೆಗೆದುಕೊಂಡು ಬಂದ. ಮೇಲ್ಸೇತುವೆಯ ಕೆಳಗಿನ ಸರ್ವಿಸ್ ರಸ್ತೆಯಲ್ಲಿ, ಕಾಂಕ್ರೀಟ್ ಲಾರಿಗಳು ಮಾಡಿದ ಗುಂಡಿಗಳ ಮೇಲೆ, ನಾನು ಚೊಂಬು ಹಿಡಿದು ಕೂತೆ. ಮಜ್ಜಿಗೆ ಅಂಚಿನ ತನಕ ಬಂದು ಬಂದು ಒಳಗೇ ಹೋಯಿತು. ಒಂದು ದೊಡ್ಡ ಗುಂಡಿಯಲ್ಲಿ ಮಾತ್ರ ಎರಡು ಹನಿ ಹಾರಿತು. ಆ ರಸ್ತೆಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಅದು ಮೂಲ ಸ್ಪ್ರಿಂಗಿಗಿಂತ ಒಂದಿಂಚು ಗಿಡ್ಡ. ಮೇಲಿನ ಸುರುಳಿಗಳು ಹತ್ತಿರ ಹತ್ತಿರ, ಕೆಳಗಿನವು ದೂರ ದೂರ. ಹಾಗಾಗಿ ಸಣ್ಣ ಕುಲುಕಿಗೆ ಮೆತ್ತಗೆ ಕುಗ್ಗಿ, ಭಾರ ಬಿದ್ದಾಗ ಗಟ್ಟಿಯಾಗಿ ನಿಲ್ಲುತ್ತದೆ. ಅದರ ಅಳತೆಗೆಂದೇ ಮಾಡಿದ ಶಾಕ್ ಅಬ್ಸಾರ್ಬರ್ ಜೊತೆಗಿತ್ತು. ಹಳೆಯದನ್ನೇ ಉಳಿಸಿಕೊಂಡರೆ ಅದು ಯಾವಾಗಲೂ ಅರ್ಧ ಕುಗ್ಗಿದ ಸ್ಥಿತಿಯಲ್ಲೇ ಕೆಲಸ ಮಾಡಬೇಕಾಗುತ್ತದೆ, ಸಣ್ಣ ಗುಂಡಿಗೂ ತಳ ಕುಟ್ಟುತ್ತದೆ. ಟೈರು ಮುಟ್ಟಬೇಡಿ ಎಂದೆ. ಅಂಗಡಿಯವರು ಹೊಸದನ್ನು ಕೂರಿಸಲು ನಮ್ಮ ಗಾಡಿಯ ಹಳೆಯ ಸ್ಪ್ರಿಂಗಿನಿಂದ ರಬ್ಬರ್ ಕಿತ್ತಾಗ ಅದು ಕಲ್ಲಾಗಿತ್ತು. ಒಂದನ್ನು ಮನೆಗೆ ತಂದು ಗಂಡನ ಊಟದ ತಟ್ಟೆಯ ಪಕ್ಕದಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, ಗಾಡಿಯ ಹತ್ತಿರ ಹೋಗಿ, ಚಕ್ರದ ಮೇಲಿನ ಸಂದಿಯಲ್ಲಿ ಬೆರಳಿಟ್ಟು ಬಹಳ ಹೊತ್ತು ನಿಂತ. ಮಗಳನ್ನು ಗಂಡನ ಮನೆಗೆ ಕಳಿಸಿದಾಗಲೂ ಅಷ್ಟು ಸಪ್ಪಗಾಗಿರಲಿಲ್ಲ.

‘ಹಂಪಿಗೆ ತಾಗುತ್ತೆ ಕಣೇ’ ಎಂದ.

ತಾಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು. ಅಂಗಡಿಯಿಂದ ಬರುವಾಗ ಗಾಡಿಯಲ್ಲಿ ನಾನೊಬ್ಬಳೇ, ಓರೆಯಾಗಿ ಹತ್ತಿಸಿದ್ದಕ್ಕೆ ಕೂದಲೆಳೆಯಲ್ಲಿ ತಪ್ಪಿತ್ತು. ಅದೇ ಹುರಿಯನ್ನು ಹಂಪಿಗೂ ಹಿಡಿದಿದ್ದೆ. ಊರಿನ ಬೇರೆ ಯಾವ ಹಂಪೂ ನಮಗೆ ತೊಂದರೆ ಕೊಡುತ್ತಿರಲಿಲ್ಲ, ನಮ್ಮದೊಂದನ್ನು ಬಿಟ್ಟು. ಸ್ಪ್ರಿಂಗು ಕೊಳ್ಳುವ ಮುಂಚೆಯೇ ಅತ್ತೆಯ ಮುಂದೆ ಕೂತು ಹೇಳಿದ್ದೆ, ಗಾಡಿ ತಗ್ಗಿದರೆ ನಿಮ್ಮ ಹಂಪನ್ನು ಸ್ವಲ್ಪ ಕೆತ್ತಿಸಬೇಕಾಗುತ್ತದೆ ಎಂದು.

‘ನನ್ ಅಂಪಿನ್ ತಂಟೆಗ್ ಬರ್ಬ್ಯಾಡ’ ಎಂದಿದ್ದರು. ‘ಅದು ಐತೆ ಅಂತ್ಲೇ ಟ್ಯಾಂಕ್ರುನೋರು ನಮ್ ಮನೆ ಮುಂದೆ ಬಗ್ಗಿ ಓಗ್ತಾರೆ. ತಾಗಕ್ಕಿಲ್ಲ ಓಗು, ನಿಂಗೇನ್ ಗೊತ್ತು.’

ನನಗೆ ಗೊತ್ತಿರುವುದನ್ನು ಗೊತ್ತಿಲ್ಲ ಎಂದು ಹೇಳಿಸಿಕೊಳ್ಳುವುದು ಆ ಮನೆಯಲ್ಲಿ ನನಗೆ ಹೊಸದಲ್ಲ. ಗಾಡಿ ತಗ್ಗಲಿ, ಹಂಪು ಇರಲಿ, ಎರಡರಲ್ಲಿ ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಗಾಡಿಯನ್ನು ಗೇಟಿನೊಳಗೆ ನಿಲ್ಲಿಸಿ ಹಿಂಬಾಗಿಲು ತೆಗೆದಿಟ್ಟು, ‘ವರ್ತೂರಿಗೆ ಹೋಗ್ತಿದೀನಿ, ಬರೋದಾದರೆ ಬನ್ನಿ’ ಎಂದು ಹೇಳಿ ದೂರ ನಿಂತೆ. ಗಂಡ ಕೈ ಮುಂದೆ ಮಾಡಿ ಓಡಿ ಬಂದ. ಅವನನ್ನು ಕಣ್ಣಿನಲ್ಲೇ ತಡೆದೆ. ಅತ್ತೆ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಒಳಗೆ ಹೋಗಿ ನನ್ನ ಹಿತ್ತಾಳೆ ಚೊಂಬಿನಲ್ಲಿ ತಂಗಿಗೆಂದು ಮಜ್ಜಿಗೆ ತುಂಬಿ, ತಟ್ಟೆ ಮುಚ್ಚಿ ತಂದರು. ಚೊಂಬನ್ನು ಸೀಟಿನ ಮೇಲಿಟ್ಟರು, ಕೋಲನ್ನು ಬಾಗಿಲಿಗೆ ಒರಗಿಸಿದರು, ಹಿಂದೆ ತಿರುಗಿ ಮೆಲ್ಲಗೆ ಕೂತರು. ನಡುಮನೆಯ ಕುರ್ಚಿಯಲ್ಲಿ ಕೂರುವ ಹಾಗೆಯೇ. ಒಂದು ಕಾಲು ಒಳಗೆ ಬಂತು, ಇನ್ನೊಂದು ಬಂತು. ಅವರು ಸೀಟನ್ನು ಸವರಿ ನೋಡಿ, ‘ಸೀಟು ಬಿಸಿಯಾಗೈತೆ. ನೆಳ್ಳಲ್ ನಿಲ್ಲುಸ್ಬಾರ್ದಾ?’ ಎಂದರು.

ಗೇಟು ದಾಟಿದೆವು. ಮುಂದಿನ ಚಕ್ರಗಳು ಹಂಪನ್ನು ಹತ್ತಿ ಇಳಿದವು. ಗಾಡಿಯ ಹೊಟ್ಟೆ ಹಂಪಿನ ಮೇಲೆ ಕೂತಿತು. ಕರ್ರೆಂದು ಎಳೆದ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ಮೇಲಿನ ಮಹಡಿಯ ಹುಡುಗ ಬಾಲ್ಕನಿಗೆ ಬಂದ. ಎದುರು ಮನೆಯ ಹೆಂಗಸು ಕಸದ ಬುಟ್ಟಿ ಹಿಡಿದು ಗೇಟಿಗೆ ಬಂದಳು, ಅವಳ ಮುಖದಲ್ಲಿ ಬೆಳಗಾಗಿತ್ತು. ನಾನು ಗಾಡಿ ನಿಲ್ಲಿಸಿ ತಿರುಗುವಷ್ಟರಲ್ಲಿ ಹಿಂಬಾಗಿಲು ತೆರೆದಿತ್ತು.

‘ಏನಾಯ್ತು? ಏನ್ ತಾಗಿದ್ದು?’

ಅತ್ತೆ ಕೆಳಗಿಳಿದು ನಿಂತಿದ್ದರು. ಕೋಲು ಗಾಡಿಯಲ್ಲೇ ಇತ್ತು. ಯಾರೂ ಹಿಡಿದಿರಲಿಲ್ಲ, ಯಾರೂ ಎತ್ತಿರಲಿಲ್ಲ. ಕೋಪ ಬಂದಿತ್ತು, ಇಳಿದಿದ್ದರು. ಬಾಗಿಲನ್ನು ಹಿಡಿದುಕೊಂಡು ಹಂಪಿನ ಮೇಲೆಯೇ ನಿಂತು ಕೆಳಗೆ ನೋಡಿದರು. ಅವರೇ ನೀರು ಹಾಯಿಸಿ ಗಟ್ಟಿ ಮಾಡಿದ ಕಾಂಕ್ರೀಟಿನ ಬೆನ್ನ ಮೇಲೆ ಕಪ್ಪು ಗೀಚು ಬಿದ್ದಿತ್ತು.

‘ಅಯ್ಯೋ, ನಾನು ಹೇಳ್ಲಿಲ್ವಾ, ರಬ್ಬರ್ ತಗೀಬಾರ್ದಿತ್ತು’ ಎಂದು ಗಂಡ ಓಡಿ ಬಂದ. ‘ಸೋಮವಾರ ಮತ್ತೆ ಹಾಕಿಸ್ಕೊಂಡು ಬರ್ತೀನಮ್ಮ.’

‘ಮತ್ತೆ ಆಕುಸ್ತೀಯಾ?’ ಅತ್ತೆ ಅವನತ್ತ ತಿರುಗಿದರು. ‘ಮತ್ತೆ ನನ್ನ ಮೂಟೆ ಎತ್ದಂಗೆ ಎತ್ತೀಯಾ?’

ಅತ್ತೆ ಹಂಪನ್ನು ನೋಡಿದರು, ಗಾಡಿಯನ್ನು ನೋಡಿದರು, ಎದುರು ಮನೆಯ ಹೆಂಗಸನ್ನು ನೋಡಿದರು. ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನನಗೆ ಕಾಣುತ್ತಿತ್ತು. ಸಹಾಯ ಮಾಡುವ ಮನಸ್ಸೇನೂ ನನಗಿರಲಿಲ್ಲ. ಕೊನೆಗೆ ಹಿಂದಿನ ಸಾಲುಕೋಣೆಗಳ ಕಡೆ ಮುಖ ಮಾಡಿ ಕೂಗಿದರು.

‘ಯಾರ್ಲಾ ಅಲ್ಲಿ! ಆರೆ, ಸುತ್ತಿಗೆ ತಕಂಡ್ ಬನ್ನಿ!’

ಅವತ್ತು ಅವರ ಕಾಲು ಹಿಡಿದು ಇಳಿಸಿದ್ದ ಅದೇ ಇಬ್ಬರು ರಾಯಚೂರಿನವರು ಬಂದರು. ‘ಏನ್ ಒಡೀಬೇಕ್ರಿ ಅಮ್ಮಾರ?’ ಎಂದು ಕೇಳಿದರು. ಅತ್ತೆ ಕಾಲ ಕೆಳಗನ್ನು ತೋರಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಬೈಕನ್ನು ವರ್ಷಗಟ್ಟಲೆ ಆ ಹಂಪಿನ ಮೇಲೆ ಎತ್ತಿ ಇಳಿಸಿದವರು ಅವರು. ‘ಪೂರಾ ಒಡೀಬೇಕೇನ್ರಿ?’ ಎಂದು ಕೇಳಿದವನ ದನಿಯಲ್ಲಿ ಹಬ್ಬವಿತ್ತು.

‘ಪೂರಾ’ ಎಂದರು ಅತ್ತೆ. ‘ಗಾಡಿ ಮುಂದಕ್ ತಳ್ಳಿ ಮೊದ್ಲು.’

ಗಾಡಿ ಹಂಪಿನಿಂದಾಚೆ ಬಂದ ಮೇಲೆ ಅವರು ಮತ್ತೆ ತಾವೇ ಹತ್ತಿ ಕೂತರು. ಒಡೆಯುವುದನ್ನು ನಿಂತು ನೋಡಲಿಲ್ಲ. ನಾವು ಓಣಿಯ ತಿರುವಿಗೆ ಬರುವಾಗ ಹಿಂದಿನಿಂದ ಮೊದಲ ಸುತ್ತಿಗೆಯ ಏಟು ಕೇಳಿಸಿತು. ಅತ್ತೆ ಚೊಂಬಿನ ತಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದರು.

ವರ್ತೂರು ಕೋಡಿಯ ತನಕ ರಸ್ತೆ ಎಂದು ಕರೆಯುವ ವಸ್ತು ಹೇಗಿದೆ ಎಂದು ಆ ಕಡೆ ಓಡಾಡುವವರಿಗೆ ಗೊತ್ತು. ಪೈಪು ಹಾಕಲು ಅಗೆದರು, ಮುಚ್ಚಿದರು, ಕೇಬಲ್ಲು ಹಾಕಲು ಮತ್ತೆ ಅಗೆದರು. ನಾನು ಕನ್ನಡಿಯಲ್ಲಿ ಅತ್ತೆಯ ಮುಖವನ್ನೇ ನೋಡುತ್ತ ಓಡಿಸಿದೆ. ಗಾಡಿ ಗುಂಡಿಗಳಲ್ಲಿ ಇಳಿದು ಎದ್ದಿತು, ಆದರೆ ಕುಕ್ಕಲಿಲ್ಲ. ಅರ್ಧ ದಾರಿಯಲ್ಲಿ ಅವರ ಭುಜ ಸಡಿಲವಾಯಿತು. ಆಮೇಲೆ ಕಂಡ ಕಂಡ ಅಪಾರ್ಟ್‌ಮೆಂಟುಗಳನ್ನು ತೋರಿಸಿ, ಇಲ್ಲಿ ಯಾರ ಹೊಲ ಇತ್ತು, ಅದನ್ನು ಮಾರಿದವನು ಎಂಥ ಕತ್ತೆ ಎಂದು ಹೇಳತೊಡಗಿದರು. ನಾನು ಹೂಂಗುಟ್ಟಿದೆ. ಅವರು ಯಾರನ್ನಾದರೂ ಬೈಯುವುದನ್ನು ಕೇಳಿ ನನಗೆ ಅಷ್ಟು ಖುಷಿಯಾಗಿದ್ದು ಅದೇ ಮೊದಲು.

ವರ್ತೂರಿನ ಮನೆಯ ಮುಂದೆ ತಂಗಿಯ ಮಗ, ಸೊಸೆ ಕೈ ಚಾಚಿಕೊಂಡು ಓಡಿ ಬಂದರು. ಅತ್ತೆ ಕೋಲನ್ನು ಅಡ್ಡ ಹಿಡಿದು, ‘ದೂರ ನಿಂತ್ಕಳಿ’ ಎಂದರು. ಕಾಲು ಕೆಳಗಿಟ್ಟರು, ಎದ್ದರು, ನಡೆದರು. ತಂಗಿ ಒಳಗೆ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅಕ್ಕನನ್ನು ಕಂಡು ತುಟಿ ಒಂದೇ ಕಡೆಗೆ ಎಳೆಯಿತು. ಏನೋ ಹೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅತ್ತೆಗೆ ತಿಳಿಯಿತು. ಫೋನಿನಲ್ಲಿ ಕೇಳದ್ದೆಲ್ಲ ಮುಖ ನೋಡಿದರೆ ಕೇಳುತ್ತಿತ್ತು.

‘ಬಂದ್ನಲ್ಲಾ ಈಗ’ ಎಂದರು ಅತ್ತೆ. ‘ಕೈ ಬಿದ್ರೆ ಏನಾಯ್ತು, ಇನ್ನೊಂದ್ ಕೈಲಿ ಎಸಿ.’

ತಂಗಿ ಎಡಗೈಯಲ್ಲಿ ಕವಡೆ ಎಸೆದರು. ಕವಡೆಗಳು ಮಂಚದಿಂದ ಉರುಳಿ ನೆಲಕ್ಕೆ ಬಿದ್ದವು. ನೆಲದಲ್ಲಿ ಬಿದ್ದದ್ದು ಲೆಕ್ಕಕ್ಕಿಲ್ಲ ಎಂದು ಅತ್ತೆ ಜಗಳ ತೆಗೆದರು, ತಂಗಿ ತೊದಲುತ್ತ ಎದುರಾಡಿದರು. ಅವರ ಸೊಸೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ನಾನು ಚೊಂಬಿನ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸುತ್ತ ನಿಂತೆ. ಹೆಚ್ಚು ಕಡಿಮೆ ಪೂರ್ತಿ ಉಳಿದಿತ್ತು.

ಸಂಜೆ ವಾಪಸು ಬಂದಾಗ ನಮ್ಮ ಗೇಟಿನ ಮುಂದೆ ಹಂಪು ಇರಲಿಲ್ಲ. ಒಡೆದ ಚೂರುಗಳು ರಾಶಿ ಬಿದ್ದಿದ್ದವು, ಮಣ್ಣು ಕೆದರಿತ್ತು, ಅಲ್ಲಲ್ಲಿ ಕಬ್ಬಿಣದ ತುಂಡುಗಳು ಎದ್ದಿದ್ದವು. ಒಡೆದ ಮೇಲೆ ಚೂರುಗಳನ್ನೂ ಬಾಚಿ ತೆಗೆಸಬೇಕೆಂದು ನನ್ನ ಗಂಡನಿಗೆ ಯಾರೂ ಹೇಳಿರಲಿಲ್ಲವಂತೆ. ಗಾಡಿಯನ್ನು ರಾಶಿಯ ಈಚೆಯೇ ನಿಲ್ಲಿಸಬೇಕಾಯಿತು. ಅತ್ತೆ ಇಳಿದು ನಿಂತರು. ಗೇಟು ಕೆಲವೇ ಹೆಜ್ಜೆ ದೂರವಿತ್ತು. ಕೋಲಿನಿಂದ ಒಂದು ಚೂರನ್ನು ಮುಟ್ಟಿ ನೋಡಿದರು, ಅದು ಜಾರಿತು. ಬಾಲ್ಕನಿಯಲ್ಲಿ ಆ ಹುಡುಗ ಇದ್ದ. ಎದುರು ಮನೆಯವಳೂ ಇದ್ದಳು. ನಾನು ಹತ್ತಿರ ಹೋಗಲಿಲ್ಲ. ಬೇಡವೆಂದವರ ಮೈ ಮುಟ್ಟುವ ಚಾಳಿ ನನಗಿಲ್ಲ.

ಅತ್ತೆ ಆ ಇಬ್ಬರನ್ನೂ ಒಮ್ಮೆ ನೋಡಿ, ನನ್ನ ಕಡೆ ತಿರುಗಿದರು.

‘ಏನ್ ನೋಡ್ತಾ ನಿಂತಿದೀಯೆ, ಕೈ ಕೊಡು.’

ಕೊಟ್ಟೆ. ನಾನು ಹಿಡಿಯಲಿಲ್ಲ, ಚಾಚಿದೆ ಅಷ್ಟೆ, ಹಿಡಿದವರು ಅವರು. ಗೇಟು ಬಂದ ಮೇಲೂ ಬಿಡಲಿಲ್ಲ.